ವಾರಕ್ಕೆ ಮೂರು ದಿನದ ಡ್ಯೂಟಿ: ದಕ್ಷಿಣ ಕೊಡಗಿನ ಒಬ್ಬ ಶುಶ್ರೂಷಕಿಯ ಪ್ರಕರಣ

ಇಲ್ಲಿ ವಿವರಿಸುತ್ತಿರುವುದು 2022ರ ಜೂನ್‌ನಿಂದ 2024ರ ಜೂನ್‌ವರೆಗೆ ದಕ್ಷಿಣ ಕೊಡಗಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಡೆದ ಸಂಗತಿ. ಸುಮಾರು 40 ಹಾಸಿಗೆಗಳ ಆ ಆಸ್ಪತ್ರೆಯ ಲೆಕ್ಕಪತ್ರಗಳನ್ನೂ ಸಿಬ್ಬಂದಿಯ ಕಡತಗಳನ್ನೂ ಆಗ ನಾನು ನೋಡಿಕೊಳ್ಳುತ್ತಿದ್ದೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಕೈಬಿಟ್ಟು ಅಥವಾ ಬದಲಿಸಿ ಬರೆದಿದ್ದೇನೆ. ಲೆಕ್ಕ ಸುಲಭವಾಗಲೆಂದು ಮೊತ್ತಗಳನ್ನು ದುಂಡು ಮಾಡಿದ್ದೇನೆ, ಆದರೆ ಅವುಗಳ ನಡುವಿನ ಪ್ರಮಾಣ ಕೆಡದಂತೆ ನೋಡಿಕೊಂಡಿದ್ದೇನೆ. ಅರೆಕಾಲಿಕ ಕೆಲಸವೆಂದರೆ ಅರ್ಧ ಡ್ಯೂಟಿಗೆ ಅರ್ಧ ಸಂಬಳ, ಅದರಾಚೆ ಲೆಕ್ಕ ಹಾಕುವುದು ಏನೂ ಇಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಆ ತಿಳಿವಳಿಕೆ ಎಲ್ಲೆಲ್ಲಿ ತಪ್ಪಾಯಿತು ಎಂಬುದನ್ನು ದಾಖಲಿಸುವುದು ಈ ಬರಹದ ಉದ್ದೇಶ.

ಹಿನ್ನೆಲೆ

ಈ ಸಿಸ್ಟರ್ ಜಿಎನ್ಎಂ (ಶುಶ್ರೂಷೆ ಮತ್ತು ಸೂಲಗಿತ್ತಿ ತರಬೇತಿಯ ಡಿಪ್ಲೊಮಾ) ಮುಗಿಸಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, 2011ರಲ್ಲಿ ಈ ಆಸ್ಪತ್ರೆಗೆ ಸೇರಿದವರು. 2022ರಲ್ಲಿ ಅವರಿಗೆ 39 ವರ್ಷ. ಗಂಡ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಗುಮಾಸ್ತ. ಮನೆ ಆಸ್ಪತ್ರೆಯಿಂದ ಸುಮಾರು 22 ಕಿಲೋಮೀಟರ್ ದೂರದಲ್ಲಿ, ಮುಖ್ಯ ರಸ್ತೆಯಿಂದಲೂ ಒಳಗೆ. ಖಾಸಗಿ ಬಸ್ಸಿನಲ್ಲಿ ಬಂದು, ಅಲ್ಲಿಂದ ತೋಟದವರೆಗೆ ಆಟೋ ಹಿಡಿಯಬೇಕು. ಹೋಗಿ ಬರಲು ದಿನಕ್ಕೆ 90 ರೂಪಾಯಿ, ಎರಡೂವರೆ ಗಂಟೆ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚಿದರೆ ಗಂಟೆಯ ಲೆಕ್ಕವೇ ಇಲ್ಲ.

ಆ ವರ್ಷ ಏಪ್ರಿಲ್‌ನಲ್ಲಿ ಅವರ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಮೇ ಕೊನೆಯಲ್ಲಿ ಸಿಸ್ಟರ್ ರಾಜೀನಾಮೆ ಪತ್ರ ತಂದುಕೊಟ್ಟರು.

ಆ ಪತ್ರ ನಮ್ಮನ್ನು ಏಕೆ ಅಷ್ಟು ಕಾಡಿತು ಎಂಬುದಕ್ಕೆ ಕಾರಣವಿದೆ. ಕೊಡಗಿನಂಥ ಜಿಲ್ಲೆಯ ಸಣ್ಣ ಆಸ್ಪತ್ರೆಗೆ ಹೊಸಬರು ಬರುವುದು ಅನುಭವದ ಪ್ರಮಾಣಪತ್ರಕ್ಕಾಗಿ. ಒಂದೋ ಎರಡೋ ವರ್ಷ ಕಳೆದ ಮೇಲೆ ಮೈಸೂರು, ಬೆಂಗಳೂರು, ಮಂಗಳೂರು, ಅಲ್ಲಿಂದ ಮುಂದೆ ಕೊಲ್ಲಿ ದೇಶಗಳು. ಅದರಲ್ಲಿ ತಪ್ಪೇನೂ ಇಲ್ಲ. ಉಳಿಯುವವರು ಇಲ್ಲೇ ಮದುವೆಯಾಗಿ, ಮನೆ ಮಕ್ಕಳೆಂದು ಬೇರೂರಿದವರು. ವಾರ್ಡಿನ ಅನುಭವವೆಲ್ಲ ಇರುವುದು ಅವರ ಕೈಯಲ್ಲಿ, ಮನೆಯ ಹೊರೆ ಬೀಳುವುದೂ ಅವರ ಮೇಲೆಯೇ. ನಮ್ಮ ಕಡತಗಳ ಪ್ರಕಾರ ಹೊಸ ನರ್ಸ್ ಒಬ್ಬರು ಒಂಟಿಯಾಗಿ ಡ್ಯೂಟಿ ನಿಭಾಯಿಸುವಷ್ಟಾಗಲು ಸುಮಾರು ಆರು ವಾರ ಹಿಡಿಯುತ್ತಿತ್ತು. 15,000 ರೂಪಾಯಿ ಸಂಬಳದ ಹೊಸಬರ ಮೇಲೆ ಆ ಅವಧಿಯಲ್ಲೇ 22,500 ರೂಪಾಯಿ ಖರ್ಚಾಗುತ್ತಿತ್ತು, ಜೊತೆಗೆ ಕಲಿಸುವ ಹಿರಿಯರ ಸಮಯ ಬೇರೆ.

ಸಿಸ್ಟರ್ ಅವರ ಒಟ್ಟು ಸಂಬಳ 19,500 ರೂಪಾಯಿ. ಅದರಲ್ಲಿ ಮೂಲ ವೇತನ 15,000. ತಿಂಗಳಿಗೆ 26 ಡ್ಯೂಟಿ, ಅಂದರೆ ಡ್ಯೂಟಿಗೆ 750 ರೂಪಾಯಿ. ಖಾಸಗಿ ಆಸ್ಪತ್ರೆಗಳ ಶುಶ್ರೂಷಕರ ಸ್ಥಿತಿಯ ಬಗ್ಗೆ ಸುಪ್ರೀಂ ಕೋರ್ಟ್ 2016ರಲ್ಲಿ ನೀಡಿದ ನಿರ್ದೇಶನದಂತೆ ರಚನೆಯಾದ ತಜ್ಞರ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲೂ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತ್ತು. ಹನ್ನೊಂದು ವರ್ಷ ದುಡಿದವರಿಗೆ ನಾವು ಕೊಡುತ್ತಿದ್ದದ್ದು, ಆರು ವರ್ಷ ಹಿಂದಿನ ಆ ಕನಿಷ್ಠ ಮೊತ್ತಕ್ಕಿಂತಲೂ 500 ರೂಪಾಯಿ ಕಡಿಮೆ. ಇದನ್ನು ಇಲ್ಲೇ ಹೇಳಿಬಿಡುವುದು ನ್ಯಾಯ, ಏಕೆಂದರೆ ಮುಂದೆ ಬರುವ ಅರ್ಧ ಸಂಬಳದ ಲೆಕ್ಕವೆಲ್ಲ ಮೊದಲೇ ಸಾಲದಾಗಿದ್ದ ಸಂಬಳದ ಅರ್ಧ.

ಮೊದಲ ಪ್ರಯತ್ನ: ದಿನಕ್ಕೆ ನಾಲ್ಕು ಗಂಟೆ

ರಾಜೀನಾಮೆಯ ಬದಲು ಅರ್ಧ ದಿನ ಬನ್ನಿ ಎಂದು ಆಡಳಿತದವರು ಕೇಳಿಕೊಂಡರು. ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ, ವಾರಕ್ಕೆ ಆರು ದಿನ, ಅರ್ಧ ಸಂಬಳ. ರೋಗಿಗಳ ದಟ್ಟಣೆಯೂ ವೈದ್ಯರ ರೌಂಡ್ಸೂ ಇರುವ ಹೊತ್ತಿಗೆ ಅನುಭವಿ ಕೈ ಸಿಗುತ್ತದೆ, ಮಧ್ಯಾಹ್ನಕ್ಕೆ ಅವರು ಮನೆ ಸೇರಬಹುದು. ಎಲ್ಲರಿಗೂ ಒಳ್ಳೆಯದೆನ್ನಿಸಿತು. ನನಗೂ ಹಾಗೆಯೇ ಅನ್ನಿಸಿತ್ತು. ಆದೇಶ ಬರೆದವನು ನಾನೇ. ಅದರಲ್ಲಿದ್ದದ್ದು ಎರಡೇ ಸಾಲು.

ಆಗಸ್ಟ್ ಕೊನೆಯಲ್ಲಿ ಅವರು ಮತ್ತೆ ಬಂದರು. ಈ ಸಲ ಕೈಯಲ್ಲಿದ್ದದ್ದು ರಾಜೀನಾಮೆ ಪತ್ರವಲ್ಲ, ಮಗಳ ನೋಟ್ ಪುಸ್ತಕದ ಒಂದು ಹಾಳೆ. ಅದರಲ್ಲಿ ತಿಂಗಳ ಲೆಕ್ಕ ಬರೆದಿತ್ತು. ಒಟ್ಟು ಸಂಬಳ 9,750. ಭವಿಷ್ಯ ನಿಧಿಗೆ (ಪಿಎಫ್) 900, ಇಎಸ್ಐಗೆ (ನೌಕರರ ರಾಜ್ಯ ವಿಮೆ) 74 ಕಳೆದರೆ ಕೈಗೆ ಬರುವುದು 8,776. ಅತ್ತೆಯನ್ನು ನೋಡಿಕೊಳ್ಳಲು ಪಕ್ಕದ ಲೈನ್ ಮನೆಯ (ತೋಟದ ಕಾರ್ಮಿಕರ ವಸತಿಯ) ಹೆಂಗಸು ಬರುತ್ತಿದ್ದರು. ಇಡೀ ದಿನಕ್ಕಾದರೆ 300, ಅರ್ಧ ದಿನಕ್ಕೆ 200. ಅರ್ಧ ದಿನಕ್ಕೆ 150 ಅಲ್ಲ, ಏಕೆಂದರೆ ಮಧ್ಯಾಹ್ನದ ಮೇಲೆ ಆಕೆಗೂ ಬೇರೆ ಕೂಲಿ ಸಿಗದು. 26 ದಿನಕ್ಕೆ 5,200. ಬಸ್ಸು, ಆಟೋ 2,340. ಉಳಿದದ್ದು 1,236 ರೂಪಾಯಿ. ತಿಂಗಳಿಗೆ 104 ಗಂಟೆ ವಾರ್ಡಿನಲ್ಲಿ ನಿಂತು, ಪ್ರಯಾಣ ಸೇರಿ ದಿನವೂ ಆರೂವರೆ ಗಂಟೆ ಮನೆಯಿಂದ ಹೊರಗಿದ್ದು ಗಳಿಸಿದ್ದು ಅಷ್ಟು.

ಪೂರ್ಣಾವಧಿಯಲ್ಲಿದ್ದಾಗಿನ ಲೆಕ್ಕವನ್ನು ನಾನು ಅದರ ಪಕ್ಕದಲ್ಲೇ ಬರೆದು ನೋಡಿದೆ. ಪಿಎಫ್, ಇಎಸ್ಐ ಜೊತೆಗೆ ಆಗಿನ 200 ರೂಪಾಯಿ ವೃತ್ತಿ ತೆರಿಗೆಯೂ ಕಡಿತವಾಗಿ ಕೈಗೆ 17,353, ಪ್ರಯಾಣಕ್ಕೆ ಅದೇ 2,340, ಇಡೀ ದಿನದ ಆರೈಕೆಗೆ 7,800, ಉಳಿಯುವುದು 7,213. ಸಂಬಳ ಅರ್ಧವಾಗಿತ್ತು, ಉಳಿತಾಯ ಮಾತ್ರ ಆರನೆಯ ಒಂದು ಭಾಗಕ್ಕೆ ಇಳಿದಿತ್ತು. ಕಾರಣ ಸ್ಪಷ್ಟವಿತ್ತು: ಅವರ ಖರ್ಚುಗಳು ಗಂಟೆಯ ಲೆಕ್ಕದಲ್ಲಿ ಇರಲಿಲ್ಲ, ದಿನದ ಲೆಕ್ಕದಲ್ಲಿದ್ದವು. ನಾಲ್ಕು ಗಂಟೆಗೆ ಬಂದರೂ ಎಂಟು ಗಂಟೆಗೆ ಬಂದರೂ ಬಸ್ಸಿಗೆ ಕೊಡುವುದು ಅಷ್ಟೇ. ಮನೆ ಆಸ್ಪತ್ರೆಯ ಪಕ್ಕದಲ್ಲೇ ಇದ್ದಿದ್ದರೆ ನಾಲ್ಕು ಗಂಟೆಯ ಏರ್ಪಾಟು ಸರಿಹೋಗುತ್ತಿತ್ತೋ ಏನೋ. ಮನೆಗಳು ತೋಟಗಳ ನಡುವೆ ಚದುರಿರುವ, ರೈಲೇ ಇಲ್ಲದ ಜಿಲ್ಲೆಯಲ್ಲಿ ಅದು ಸರಿಹೋಗಲಿಲ್ಲ.

ತಿರುವು: ಗಂಟೆ ಇಳಿಸುವುದಲ್ಲ, ದಿನ ಇಳಿಸುವುದು

ಅದೇ ಹಾಳೆಯ ಹಿಂಬದಿಯಲ್ಲಿ ಇಬ್ಬರೂ ಕೂತು ಇನ್ನೊಂದು ಲೆಕ್ಕ ಮಾಡಿದೆವು. ವಾರಕ್ಕೆ ಅದೇ 24 ಗಂಟೆ, ಆದರೆ ಎಂಟು ಗಂಟೆಯ ಮೂರು ಡ್ಯೂಟಿಗಳಾಗಿ. ಸಂಬಳ, ಕಡಿತ ಹಾಗೆಯೇ. ಪ್ರಯಾಣ 13 ದಿನಕ್ಕೆ 1,170, ಆರೈಕೆ 3,900, ಉಳಿಯುವುದು 3,706 ರೂಪಾಯಿ. ಒಂದು ಗಂಟೆಯನ್ನೂ ಹೆಚ್ಚಿಸದೆ, ಆಸ್ಪತ್ರೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡದೆ ಉಳಿತಾಯ ಮೂರು ಪಟ್ಟಾಗುತ್ತಿತ್ತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಇದು ಇನ್ನೂ ಮುಖ್ಯವಾಯಿತು. ಜನವರಿ, ಫೆಬ್ರವರಿಯಲ್ಲಿ ರೊಬಸ್ಟಾ ಕೊಯ್ಲಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವಾಗ ಮನೆಯಲ್ಲಿ ಕೂತು ರೋಗಿಯನ್ನು ನೋಡಿಕೊಳ್ಳಲು ಯಾರು ಬರುತ್ತಾರೆ? ಆಕೆ ದಿನಕ್ಕೆ 100 ರೂಪಾಯಿ ಹೆಚ್ಚಿಗೆ ಕೇಳಿದರು, ಕೊಡಬೇಕಾಯಿತು. ದಿನವೂ ನಾಲ್ಕು ಗಂಟೆಯ ಏರ್ಪಾಟೇ ಮುಂದುವರಿದಿದ್ದರೆ ಆ ಎರಡು ತಿಂಗಳು ಸಿಸ್ಟರ್ ಕೈಯಿಂದ ಹಣ ಹಾಕಿ ಕೆಲಸಕ್ಕೆ ಬರಬೇಕಾಗುತ್ತಿತ್ತು.

ಆಡಳಿತದವರ ಆಕ್ಷೇಪ ಬೇರೆಯದಿತ್ತು. ಉಳಿದ ಮೂರು ದಿನಕ್ಕೆ ಇನ್ನೊಬ್ಬರನ್ನು ತೆಗೆದುಕೊಂಡರೆ ಪಿಎಫ್, ಇಎಸ್ಐ ಎಲ್ಲ ಎರಡರಷ್ಟಾಗುತ್ತದೆ ಎಂದು ಅವರು ನಂಬಿದ್ದರು. ಈ ನಂಬಿಕೆ ಬಹಳ ಕಡೆ ಇದೆ, ಆದ್ದರಿಂದ ಲೆಕ್ಕ ಕೊಡುತ್ತೇನೆ. ಪೂರ್ಣಾವಧಿಯ ಒಬ್ಬರಿಗೆ ಸಂಬಳ 19,500, ಮಾಲೀಕರ ಪಾಲಿನ ಭವಿಷ್ಯ ನಿಧಿ ಮತ್ತು ಅದರ ಶುಲ್ಕಗಳು ಮೂಲ ವೇತನದ ಶೇ. 13ರಂತೆ 1,950, ಇಎಸ್ಐ ಶೇ. 3.25ರಂತೆ 634, ಒಟ್ಟು 22,084. ಅರ್ಧಾವಧಿಯ ಒಬ್ಬರಿಗೆ 9,750, 975, 317, ಒಟ್ಟು 11,042. ಇಬ್ಬರಿಗೆ 22,084. ಒಂದು ರೂಪಾಯಿಯ ವ್ಯತ್ಯಾಸವೂ ಇಲ್ಲ, ಏಕೆಂದರೆ ಈ ವಂತಿಗೆಗಳೆಲ್ಲ ಸಂಬಳದ ಪ್ರಮಾಣಕ್ಕೆ ಕಟ್ಟುಬಿದ್ದವು, ತಲೆಯ ಲೆಕ್ಕಕ್ಕಲ್ಲ. ತಲೆಯ ಲೆಕ್ಕದಲ್ಲಿ ಬರುವ ಖರ್ಚು ಸಮವಸ್ತ್ರ, ಹೆಪಟೈಟಿಸ್ ಬಿ ಲಸಿಕೆ ಮತ್ತು ತರಬೇತಿಯದು, ಅದು ಸಣ್ಣದು.

ಅದೇ ಪಟ್ಟಣದಲ್ಲಿ, ಹೆರಿಗೆಯ ನಂತರ ನಾಲ್ಕು ವರ್ಷ ಕೆಲಸ ಬಿಟ್ಟು ಮನೆಯಲ್ಲಿದ್ದ ಇನ್ನೊಬ್ಬ ನರ್ಸ್ ಇದ್ದರು. ಪೂರ್ಣಾವಧಿಗೆ ಬರಲಾರೆ ಎಂದು ಹಿಂದೆ ಎರಡು ಸಲ ಹೇಳಿದ್ದವರು ಮೂರು ದಿನಕ್ಕೆ ಒಪ್ಪಿದರು. ಸೋಮವಾರದಿಂದ ಬುಧವಾರ ನಮ್ಮ ಸಿಸ್ಟರ್, ಗುರುವಾರದಿಂದ ಶನಿವಾರ ಇವರು, ಇಬ್ಬರಿಗೂ ಒಂದೇ ದರ.

ಹೊಸ ಆದೇಶ ಬರೆಯಲು ಕೂತಾಗ ನನ್ನ ಮೊದಲಿನ ಎರಡು ಸಾಲಿನ ಆದೇಶದಲ್ಲಿದ್ದ ದೊಡ್ಡ ಲೋಪ ಕಣ್ಣಿಗೆ ಬಿತ್ತು. ಗ್ರಾಚ್ಯುಟಿ ಎಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಇಡುಗಂಟು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಮೊತ್ತವನ್ನು ಲೆಕ್ಕ ಹಾಕುವುದು ಕೊನೆಯದಾಗಿ ಪಡೆದ ವೇತನದ ಮೇಲೆ: ಅದರ 26ರಲ್ಲಿ 15 ಭಾಗವನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಸಿಸ್ಟರ್ ಮೇ ತಿಂಗಳಲ್ಲೇ ರಾಜೀನಾಮೆ ಕೊಟ್ಟು ಹೋಗಿದ್ದರೆ 15,000 ಮೂಲ ವೇತನದ ಮೇಲೆ ಹನ್ನೊಂದು ವರ್ಷಕ್ಕೆ 95,192 ರೂಪಾಯಿ ಸಿಗುತ್ತಿತ್ತು. ಅರ್ಧ ಸಂಬಳಕ್ಕೆ ಒಪ್ಪಿ ಉಳಿದಿದ್ದರಿಂದ ಕೊನೆಯ ವೇತನ 7,500 ಆಗಿ, ಅದೇ ಹನ್ನೊಂದು ವರ್ಷದ ಬೆಲೆ 47,596ಕ್ಕೆ ಕುಸಿದಿತ್ತು. ಮುಂದಿನ ದುಡಿಮೆಯ ಗ್ರಾಚ್ಯುಟಿ ಕಡಿಮೆಯಾಗುವುದು ಅರ್ಥವಾಗುತ್ತದೆ. ಆದರೆ ಇಲ್ಲಿ ಪೂರ್ಣಾವಧಿ ದುಡಿದು ಮುಗಿಸಿದ್ದ ವರ್ಷಗಳೇ ಅರ್ಧವಾಗಿದ್ದವು. ನಮ್ಮನ್ನು ಬಿಟ್ಟು ಹೋಗದೆ ಉಳಿದದ್ದಕ್ಕೆ ಆಕೆಗೆ 47,000 ರೂಪಾಯಿಗೂ ಹೆಚ್ಚಿನ ನಷ್ಟ, ಅದೂ ಆಕೆಗೆ ತಿಳಿಯದಂತೆ, ನನ್ನ ಸಹಿಯಿಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಪಘಾತವೋ ಕಾಯಿಲೆಯೋ ಬಂದು ಅಂಗವೈಕಲ್ಯವಾಗಿ ಕಡಿಮೆ ವೇತನದಲ್ಲಿ ಮುಂದುವರಿಯುವವರಿಗೆ ಆ ಕಾಯ್ದೆಯ 4ನೇ ಪ್ರಕರಣದ 4ನೇ ಉಪಪ್ರಕರಣ ರಕ್ಷಣೆ ಕೊಟ್ಟಿತ್ತು: ಹಿಂದಿನ ಅವಧಿಗೆ ಹಿಂದಿನ ವೇತನ, ನಂತರದ ಅವಧಿಗೆ ನಂತರದ ವೇತನ. ಮನೆಯ ಕಾರಣಕ್ಕೆ ಡ್ಯೂಟಿ ಇಳಿಸಿಕೊಂಡವರಿಗೆ ಅಂಥ ರಕ್ಷಣೆ ಅಲ್ಲಿರಲಿಲ್ಲ. ಆದರೆ ಅದೇ ಪ್ರಕರಣದ 5ನೇ ಉಪಪ್ರಕರಣ, ಮಾಲೀಕರು ಒಪ್ಪಂದದ ಮೂಲಕ ಇದಕ್ಕಿಂತ ಉತ್ತಮ ಷರತ್ತು ಕೊಟ್ಟರೆ ಅದು ಸಲ್ಲುತ್ತದೆ ಎನ್ನುತ್ತಿತ್ತು. ಆ ದಾರಿ ಹಿಡಿದೆವು. 2022ರ ಮೇ 31ರವರೆಗಿನ ಸೇವೆಗೆ 15,000ದ ಮೇಲೆಯೇ ಲೆಕ್ಕ ಎಂದು ಒಪ್ಪಂದದಲ್ಲಿ ಬರೆಸಿದೆವು. ವಾರದಲ್ಲಿ ಡ್ಯೂಟಿ ಇಲ್ಲದ ದಿನಗಳು ಸೇವೆಯ ಭಂಗವಲ್ಲ ಎಂದೂ ಸೇರಿಸಿದೆವು. ವಾರಕ್ಕೆ ಮೂರು ದಿನವೆಂದರೆ ವರ್ಷಕ್ಕೆ 156 ದಿನ. ಎಂದಾದರೂ ಯಾರಾದರೂ, ನಿರಂತರ ಸೇವೆಗೆ ವರ್ಷಕ್ಕೆ 240 ದಿನ ಎಂಬ ಕಾಯ್ದೆಯ ಮಾತೆತ್ತಿ ತಕರಾರು ಮಾಡಬಾರದೆಂಬ ಎಚ್ಚರಿಕೆ ಅದು. ಆಡಳಿತದವರು ತಕರಾರಿಲ್ಲದೆ ಸಹಿ ಹಾಕಿದರು. ಹಣ ಉಳಿಸಬೇಕೆಂಬ ದುರಾಸೆ ಅವರಿಗೂ ಇರಲಿಲ್ಲ, ನನ್ನಂತೆ ಅವರಿಗೂ ಅದು ಗೊತ್ತಿರಲಿಲ್ಲ ಅಷ್ಟೇ.

ಮುಂದೆ ನಡೆದದ್ದು

ಮೂರನೆಯ ವಾರದಲ್ಲೇ ಒಂದು ಎಚ್ಚರಿಕೆ ಬಂತು. ಬುಧವಾರ ಮಧ್ಯಾಹ್ನ ವೈದ್ಯರು ಒಬ್ಬ ರೋಗಿಯ ಇನ್ಸುಲಿನ್ ಪ್ರಮಾಣ ಇಳಿಸಿದ್ದು ಕೇಸ್ ಶೀಟಿನಲ್ಲಿತ್ತು, ಮುಂದಿನ ಪಾಳಿಯವರಿಗೆ ವಿವರ ಬರೆದಿಡುವ ಹ್ಯಾಂಡೋವರ್ ಪುಸ್ತಕಕ್ಕೆ ಏರಿರಲಿಲ್ಲ. ಗುರುವಾರ ಬೆಳಿಗ್ಗೆ ಹಳೆಯ ಪ್ರಮಾಣವನ್ನೇ ಸಿರಿಂಜಿಗೆ ಎಳೆದುಕೊಂಡಿದ್ದಾಗ, ರಾತ್ರಿ ಡ್ಯೂಟಿ ಮುಗಿಸಿ ಹೊರಟಿದ್ದ ನರ್ಸ್ ಗಮನಿಸಿ ತಡೆದರು. ರೋಗಿಗೆ ಏನೂ ಆಗಲಿಲ್ಲ. ಅಂದಿನಿಂದ ಪಾಳಿ ಬದಲಾಗುವ ಬುಧವಾರ ಮತ್ತು ಶನಿವಾರ ಸಂಜೆ ಇಬ್ಬರೂ ಅರ್ಧ ಗಂಟೆ ಫೋನಿನಲ್ಲಿ ಪ್ರತಿ ರೋಗಿಯ ವಿಷಯ ಮಾತಾಡಬೇಕು, ಆ ಅರ್ಧ ಗಂಟೆಗೆ ಇಬ್ಬರಿಗೂ ಸಂಬಳ ಕೊಡಬೇಕು ಎಂದಾಯಿತು. ತಿಂಗಳಿಗೆ ಸುಮಾರು 840 ರೂಪಾಯಿ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎಂಬ ದಿನಗಳು ಬರುವುದರಿಂದ, ಪುಸ್ತಕದಲ್ಲಿ ಬರೆಯದೆ ಬಸ್ಸು ಹತ್ತಬಾರದು ಎಂಬ ನಿಯಮವೂ ಬಂತು.

ಎರಡನೆಯ ತೊಡಕು ಇದಕ್ಕಿಂತ ಕಠಿಣ. ಅರೆಕಾಲಿಕರಿಬ್ಬರಿಗೂ ರಾತ್ರಿ ಡ್ಯೂಟಿಯಿಂದ ವಿನಾಯಿತಿ ಕೊಟ್ಟಿದ್ದೆವು. ಅದರ ಹೊರೆ ಬಿದ್ದದ್ದು ಉಳಿದವರ ಮೇಲೆ. ಹುತ್ತರಿ ಹಬ್ಬದ ವಾರದಲ್ಲಿ ರಜೆಯ ಪಟ್ಟಿ ಹಾಕುವಾಗ ಅದು ಸಿಡಿಯಿತು. ಇಬ್ಬರು ಯುವ ನರ್ಸ್‌ಗಳು ನನ್ನ ಕೋಣೆಗೆ ಬಂದು, "ಅಕ್ಕನ ಮೇಲೆ ನಮಗೆ ಸಿಟ್ಟಿಲ್ಲ ಸರ್, ಆದರೆ ಅವರು ಬಿಟ್ಟ ರಾತ್ರಿಗಳೆಲ್ಲ ನಮ್ಮ ಪಾಲಿಗೇ ಬಂದಿವೆ" ಎಂದರು. ಅವರು ಹೇಳಿದ್ದು ಸರಿ. ಹಗಲಿನ ಒಂದು ಗಂಟೆಗೂ ರಾತ್ರಿಯ ಒಂದು ಗಂಟೆಗೂ ಒಂದೇ ಬೆಲೆ ಕಟ್ಟುವವರೆಗೆ, ರಾತ್ರಿಯಿಂದ ವಿನಾಯಿತಿ ಪಡೆದವರ ಅನುಕೂಲಕ್ಕೆ ಅವರ ಸಹೋದ್ಯೋಗಿಗಳೇ ಬೆಲೆ ತೆರುತ್ತಾರೆ. ಆಗ ರಾತ್ರಿ ಭತ್ಯೆ 100 ರೂಪಾಯಿ ಇತ್ತು. ಬಹಳ ಚರ್ಚೆಯಾಗಿ 175ಕ್ಕೆ ಏರಿತು. ರಾತ್ರಿಗೆ ಮೂವರಂತೆ ತಿಂಗಳಿಗೆ 6,750 ರೂಪಾಯಿ ಹೆಚ್ಚುವರಿ. ಇಡೀ ಏರ್ಪಾಟಿನಲ್ಲಿ ಆಸ್ಪತ್ರೆಗೆ ನಿಜವಾಗಿ ತಗುಲಿದ ದೊಡ್ಡ ಖರ್ಚು ಇದೊಂದೇ. ಇದನ್ನು ಅರೆಕಾಲಿಕ ಕೆಲಸದ ಖಾತೆಗೆ ಬರೆಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಎಂದೋ ಏರಬೇಕಾಗಿದ್ದ ಭತ್ಯೆ ಈ ನೆಪದಲ್ಲಿ ಏರಿತು.

ಮೂರನೆಯದು ನಮ್ಮೆಲ್ಲರ ಕಣ್ಣು ತಪ್ಪಿಸಿಕೊಂಡದ್ದು. ಇಎಸ್ಐ ಯೋಜನೆಯಲ್ಲಿ ಅನಾರೋಗ್ಯದ ನಗದು ಸೌಲಭ್ಯ ಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿರಬೇಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ 26 ವಾರ; ವಾರಕ್ಕೆ ಮೂರು ದಿನವೆಂದರೆ ಸರಿಯಾಗಿ 78. ಒಂದು ದಿನ ತಪ್ಪಿದರೂ ಸೌಲಭ್ಯವಿಲ್ಲ. ದಿನಕ್ಕೆ ನಾಲ್ಕು ಗಂಟೆಯ ಹಳೆಯ ಏರ್ಪಾಟಿನಲ್ಲಿ, ಅದೇ ಸಂಬಳಕ್ಕೆ, 156 ದಿನ ಸಿಗುತ್ತಿತ್ತು ಎಂಬುದನ್ನು ಗಮನಿಸಬೇಕು. ಬಸ್ಸಿನ ಖರ್ಚು ಉಳಿಸಿದ ಅದೇ ನಿರ್ಧಾರ ಸಿಸ್ಟರನ್ನು ಈ ಅಂಚಿಗೆ ತಂದು ನಿಲ್ಲಿಸಿತ್ತು. 2023ರ ಜನವರಿಯಲ್ಲಿ ಅತ್ತೆಯನ್ನು ಮೈಸೂರಿಗೆ ಕರೆದೊಯ್ಯಲು ಅವರು ಐದು ದಿನ ಸಂಬಳವಿಲ್ಲದ ರಜೆ ಹಾಕಿದರು. ದಿನಗಳು 73ಕ್ಕೆ ಇಳಿದವು. ಆ ಅವಧಿಗೆ ಹೊಂದುವ ಸೌಲಭ್ಯದ ಕಾಲ ಜುಲೈಯಿಂದ ಡಿಸೆಂಬರ್. ಜುಲೈಯಲ್ಲೇ ಅವರಿಗೆ ಡೆಂಗಿ ಬಂದು ಹನ್ನೆರಡು ದಿನ ಮಲಗಿದರು. ಮೊದಲ ಎರಡು ದಿನ ಬಿಟ್ಟು, ದಿನದ ಸರಾಸರಿ ವೇತನದ ಶೇ. 70ರಂತೆ ದಿನಕ್ಕೆ 525, ಹತ್ತು ದಿನಕ್ಕೆ 5,250 ರೂಪಾಯಿ ಬರಬೇಕಿತ್ತು. ಬರಲಿಲ್ಲ. ಪ್ರತಿ ತಿಂಗಳೂ ವಂತಿಗೆ ಮಾತ್ರ ತಪ್ಪದೆ ಕಡಿತವಾಗಿತ್ತು.

ರಾತ್ರಿಯ ತಕರಾರಿಗೂ ಈ 78 ದಿನದ ತೊಡಕಿಗೂ ಪರಿಹಾರ ಒಂದೇ ಕಡೆ ಸಿಕ್ಕಿತು, ಅದನ್ನು ಸೂಚಿಸಿದವರು ಸಿಸ್ಟರೇ. ನಾದಿನಿ ಬಂದು ಇರುವ ದಿನ ನೋಡಿ ತಿಂಗಳಿಗೆ ಎರಡು ರಾತ್ರಿ ಮಾಡುತ್ತೇನೆ ಎಂದರು. ಒಂದು ರಾತ್ರಿಗೆ ಒಂದೂವರೆ ಡ್ಯೂಟಿಯ ಸಂಬಳ ಮತ್ತು ಭತ್ಯೆ ಎಂದು ನಿಗದಿಯಾಯಿತು. ತಿಂಗಳಿಗೆ 13ರ ಬದಲು 15 ದಿನ, ಆರು ತಿಂಗಳಿಗೆ 90. ಯುವ ನರ್ಸ್‌ಗಳ ಮುನಿಸು ಪೂರ್ತಿ ಹೋಗದಿದ್ದರೂ ತಗ್ಗಿತು. ಡೆಂಗಿಯಿಂದ ಐದು ಡ್ಯೂಟಿ ತಪ್ಪಿದ್ದರಿಂದ ಆ ಅವಧಿಯೂ 78ರ ಕೆಳಗೆ ಬೀಳುವುದರಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಎರಡರ ಬದಲು ನಾಲ್ಕು ರಾತ್ರಿ ಹಾಕಿ, ನಾನು ಕ್ಯಾಲೆಂಡರ್ ಮುಂದಿಟ್ಟುಕೊಂಡು ದಿನ ಎಣಿಸಿ, 79ಕ್ಕೆ ಮುಟ್ಟಿಸಿದೆವು.

2023ರ ಜೂನ್ 11ರಂದು, ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾದಾಗ ಪ್ರಯಾಣದ ಖರ್ಚು ಇಳಿದೀತೆಂದು ನಿರೀಕ್ಷಿಸಿದ್ದೆವು. ಅವರ ದಾರಿಯಲ್ಲಿ ಡ್ಯೂಟಿಯ ಹೊತ್ತಿಗೆ ಇದ್ದದ್ದು ಖಾಸಗಿ ಬಸ್ಸು ಮಾತ್ರ, ಆದ್ದರಿಂದ ಏನೂ ಇಳಿಯಲಿಲ್ಲ. ಪಟ್ಟಣದಲ್ಲೇ ಇದ್ದ ಇನ್ನೊಬ್ಬ ನರ್ಸ್‌ಗೆ ಬಸ್ಸೇ ಬೇಕಿರಲಿಲ್ಲ. ಒಂದೇ ಹುದ್ದೆ, ಒಂದೇ ದರ, ಒಂದೇ ಗಂಟೆಗಳಾದರೂ ಇಬ್ಬರ ಕೈಯಲ್ಲಿ ಉಳಿಯುವ ಮೊತ್ತ ಬೇರೆ ಬೇರೆ. ಅರ್ಜಿ ತಂದವರೊಡನೆ ಕೂತು ಅವರ ಮನೆಯ ಲೆಕ್ಕವನ್ನೂ ಮಾಡದೆ ಆದೇಶ ಬರೆಯಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮರಳಿ ಪೂರ್ಣಾವಧಿಗೆ

2024ರ ಮಾರ್ಚ್‌ನಲ್ಲಿ ಅತ್ತೆ ತೀರಿಕೊಂಡರು. ಜೂನ್‌ನಲ್ಲಿ ಸಿಸ್ಟರ್ ಪೂರ್ಣಾವಧಿಗೆ ಮರಳಿದರು. ಮರಳುವ ಹಕ್ಕು ಒಪ್ಪಂದದಲ್ಲಿದ್ದುದರಿಂದ ಅದಕ್ಕೆ ಅಡ್ಡಿಯಾಗಲಿಲ್ಲ. ಸಂಬಳ ಯಾವ ಮಟ್ಟದಿಂದ ಆರಂಭವಾಗಬೇಕೆಂಬುದನ್ನು ಮಾತ್ರ ನಾವು ಬರೆದಿರಲಿಲ್ಲ. ಅವರೊಂದಿಗೆ ಸೇರಿದವರ ಮೂಲ ವೇತನ ವರ್ಷಕ್ಕೆ 750ರಂತೆ ಎರಡು ವೇತನ ಬಡ್ತಿ ಪಡೆದು 16,500 ಆಗಿತ್ತು. ಇವರದು 15,000ದಲ್ಲೇ ನಿಂತಿತ್ತು. ಅರ್ಧ ದಿನ ದುಡಿದವರ ಅನುಭವವೂ ಬೆಳೆಯುತ್ತದೆ, ಡ್ಯೂಟಿಯ ದರ ಎಲ್ಲರೊಂದಿಗೆ ಏರಬೇಕು ಎಂದು ನಾನು ವಾದಿಸಿದೆ. ಎರಡು ವರ್ಷಕ್ಕೆ ಒಂದು ಬಡ್ತಿ ಎಂದು ತೀರ್ಮಾನವಾಯಿತು. ಉಳಿದ 750 ರೂಪಾಯಿಯ ಕೊರತೆ ತಿಂಗಳು ತಿಂಗಳೂ, ಗ್ರಾಚ್ಯುಟಿಯಲ್ಲೂ, ನಿವೃತ್ತಿಯವರೆಗೆ ಅವರನ್ನು ಹಿಂಬಾಲಿಸುತ್ತದೆ. ಪಿಂಚಣಿ ಮಟ್ಟಿಗೆ ಅವರಿಗೆ ಆತಂಕವಿಲ್ಲ: ನೌಕರರ ಪಿಂಚಣಿ ಯೋಜನೆ ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಹಿಡಿಯುತ್ತದೆ, ನಿವೃತ್ತಿಗೆ ಇನ್ನೂ ಬಹಳ ವರ್ಷವಿದೆ. ಐವತ್ತೈದರ ಪ್ರಾಯದಲ್ಲಿ ಇದೇ ಅರ್ಜಿ ತರುವವರಿಗೆ ಆ ಮಾತನ್ನು ಮೊದಲೇ ಹೇಳಬೇಕು.

ಗುರುವಾರದಿಂದ ಶನಿವಾರದ ನರ್ಸ್ ಈಗಲೂ ಮೂರು ದಿನವೇ ಬರುತ್ತಾರೆ, ತಿಂಗಳಿಗೆ ಎರಡು ರಾತ್ರಿಯ ಸಹಿತ. ಕಳೆದ ವರ್ಷ ಇನ್ನಿಬ್ಬರು ಅರ್ಜಿ ಕೊಟ್ಟರು. ಒಬ್ಬರು ವಾರ್ಡಿನವರು, ಅವರಿಗೆ ಒಪ್ಪಿಗೆ ಸಿಕ್ಕಿತು. ಆದೇಶ ಈ ಸಲ ನಾಲ್ಕು ಪುಟ, ಬಡ್ತಿಯ ಷರತ್ತೂ ಅದರಲ್ಲಿದೆ. ಇನ್ನೊಬ್ಬರು ಆಪರೇಷನ್ ಥಿಯೇಟರಿನವರು. ಅಲ್ಲಿ ತುರ್ತು ಹೆರಿಗೆ ಶಸ್ತ್ರಕ್ರಿಯೆಗೆ ಯಾವ ದಿನ, ಯಾವ ಹೊತ್ತಿಗೆ ಕರೆ ಬರುತ್ತದೆಂದು ಹೇಳಲಾಗದು, ಪರಿಣತರೂ ಇಬ್ಬರೇ. ಅವರ ಅರ್ಜಿಗೆ ಹೊಂದುವ ಪಾಳಿಯ ಪಟ್ಟಿಯನ್ನು ಮೂರು ಸಲ ಬರೆದು ನೋಡಿದ್ದೇವೆ, ಇನ್ನೂ ಒಂದೂ ಕೂಡಿಬಂದಿಲ್ಲ.